ಕೀಟಗಳ ಸಮೀಪ ಛಾಯಾಚಿತ್ರ: ಫೋಕಸ್ ಹಿಡಿಯುವ ಸುಲಭ ವಿಧಾನಗಳು

ಬೆಳೆಗೆ ಬಿದ್ದ ಕೀಟವನ್ನು ಸರಿಯಾಗಿ ಗುರುತಿಸುವುದೇ ಹತೋಟಿಯ ಮೊದಲ ಹೆಜ್ಜೆ. ಗುರುತು ತಪ್ಪಿದರೆ ಔಷಧಿಯ ಹಣವೂ ಹೋಗುತ್ತದೆ, ಹತೋಟಿಯ ಕಾಲವೂ ಮೀರುತ್ತದೆ. ಈಗ ಅನೇಕ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರು ಕೀಟದ ಛಾಯಾಚಿತ್ರ ತೆಗೆದು ತಜ್ಞರಿಗೆ ಕಳುಹಿಸುತ್ತಾರೆ. ಆದರೆ ಚಿಕ್ಕ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳಲ್ಲಿ ಎಷ್ಟೋ ವೇಳೆ ಹಿಂದಿನ ಎಲೆ ಸ್ಪಷ್ಟವಾಗಿದ್ದು ಹುಳು ಮಾತ್ರ ಮಸುಕಾಗಿರುತ್ತದೆ.

ಮೆಕ್ಕೆಜೋಳದ ಫಾಲ್ ಸೈನಿಕ ಹುಳುವನ್ನೇ ಉದಾಹರಣೆಯಾಗಿ ನೋಡಬಹುದು. ಈ ಹುಳು ಭಾರತದಲ್ಲಿ ಮೊದಲು ಕಂಡುಬಂದದ್ದು 2018ರಲ್ಲಿ, ಕರ್ನಾಟಕದಲ್ಲಿ. ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗು ಮಾಡಿದಂತಹ ತಿಳಿ ಗೆರೆ, ಬಾಲದ ಕಡೆಯಿಂದ ಎರಡನೆಯ ಖಂಡದ ಮೇಲೆ ಚೌಕಾಕಾರದಲ್ಲಿರುವ ನಾಲ್ಕು ಕಪ್ಪು ಚುಕ್ಕೆಗಳು ಇದರ ಗುರುತು. ಪೂರ್ಣ ಬೆಳೆದ ಹುಳುವಿನ ತಲೆಯ ಅಗಲ 3 ಮಿ.ಮೀ.ಗಿಂತ ಕಡಿಮೆ. ಚಿತ್ರ ಮಸುಕಾದರೆ ಈ ಗುರುತುಗಳು ಕಾಣುವುದಿಲ್ಲ. ಮತ್ತೊಂದು ಚಿತ್ರ ತರಿಸುವಷ್ಟರಲ್ಲಿ ಹುಳು ಸುಳಿಯ ಆಳಕ್ಕೆ ಇಳಿದು ಔಷಧಿ ತಾಗದಂತಾಗುತ್ತದೆ.

ಮಸುಕಾಗಲು ಕಾರಣ

ಕ್ಯಾಮೆರಾ ತಾನಾಗಿ ಫೋಕಸ್ ಮಾಡುವಾಗ ಬೆಳಕು ನೆರಳಿನ ವ್ಯತ್ಯಾಸ ಎದ್ದು ಕಾಣುವ ಕಡೆಯನ್ನು ಹುಡುಕುತ್ತದೆ. ಹಸಿರು ಎಲೆಯ ಮೇಲಿನ ಹಸಿರು ಹುಳುವಿಗಿಂತ ಎಲೆಯ ಅಂಚೇ ಅದಕ್ಕೆ ಬೇಗ ಸಿಗುತ್ತದೆ. ಕೈಯಿಂದ ತಿರುಗಿಸಿ ಫೋಕಸ್ ಮಾಡುವ ಬಳೆ ಹೆಚ್ಚಿನ ಚಿಕ್ಕ ಕ್ಯಾಮೆರಾಗಳಲ್ಲಿ ಇರುವುದಿಲ್ಲ. ತೀರ ಹತ್ತಿರದಿಂದ ತೆಗೆದಾಗ ಸ್ಪಷ್ಟವಾಗಿ ಬರುವ ಆಳವೂ ಕೆಲವೇ ಮಿ.ಮೀ. ಮಾತ್ರ. ಆದ್ದರಿಂದ ಫೋಕಸನ್ನು ಒಂದು ಗೊತ್ತಾದ ದೂರಕ್ಕೆ ನಿಲ್ಲಿಸಿ, ಕ್ಯಾಮೆರಾವನ್ನೇ ಹಿಂದೆ ಮುಂದೆ ಸರಿಸುವುದು ಒಳ್ಳೆಯ ಉಪಾಯ.

ಪೊರಕೆ ಕಡ್ಡಿಯ ವಿಧಾನ

1. ಕ್ಯಾಮೆರಾದಲ್ಲಿ ಹೂವಿನ ಚಿಹ್ನೆಯನ್ನು ಆರಿಸಬೇಕು. ಇದು ಸಮೀಪ ಚಿತ್ರಕ್ಕಾಗಿ ಇರುವ ಚಿಹ್ನೆ. ಜೂಮ್ ಮಾಡಬಾರದು, ಫ್ಲಾಷ್ ಬಳಸಬಾರದು.

2. ಮನೆಯಲ್ಲೇ ಅಚ್ಚಾದ ಅಕ್ಷರಗಳ ಮೇಲೆ ಕ್ಯಾಮೆರಾ ಹಿಡಿದು, ಅಕ್ಷರಗಳು ಸ್ಪಷ್ಟವಾಗಿ ಬರುವ ಅತಿ ಹತ್ತಿರದ ದೂರವನ್ನು ಕಂಡುಕೊಳ್ಳಬೇಕು.

3. ಮಸೂರದ ಮುಂದೆ ಅಷ್ಟೇ ದೂರಕ್ಕೆ ತುದಿ ಬರುವಂತೆ ತೆಂಗಿನ ಪೊರಕೆ ಕಡ್ಡಿಯನ್ನು ಕ್ಯಾಮೆರಾದ ತಳಕ್ಕೆ ರಬ್ಬರ್ ಬ್ಯಾಂಡಿನಿಂದ ಕಟ್ಟಬೇಕು. ಮಸೂರದ ಕೊಳವೆಗೆ ಕಟ್ಟಬಾರದು.

4. ಹೊಲದಲ್ಲಿ ಕಡ್ಡಿಯ ತುದಿಯ ನೇರಕ್ಕೆ ಅಕ್ಷರವಿರುವ ರಟ್ಟನ್ನು ಹಿಡಿದು ಗುಂಡಿಯನ್ನು ಅರ್ಧ ಮಾತ್ರ ಒತ್ತಬೇಕು. ಬೆರಳನ್ನು ಸಡಿಲಿಸದೆ ಇದ್ದರೆ ಫೋಕಸ್ ಅಲ್ಲೇ ನಿಲ್ಲುತ್ತದೆ. ಜೊತೆಗೆ ಬೆಳಕಿನ ಪ್ರಮಾಣವೂ ನಿಗದಿಯಾಗುವುದರಿಂದ, ಹುಳುವಿನ ಮೇಲಿರುವಷ್ಟೇ ಬೆಳಕು ರಟ್ಟಿನ ಮೇಲೂ ಇರಬೇಕು.

5. ರಟ್ಟನ್ನು ತೆಗೆದು, ಕಡ್ಡಿಯ ತುದಿ ಹುಳುವಿನ ಪಕ್ಕಕ್ಕೆ ಬರುವಂತೆ ಕ್ಯಾಮೆರಾ ಸರಿಸಿ, ಉಸಿರು ಬಿಗಿಹಿಡಿದು ಗುಂಡಿಯನ್ನು ಪೂರ್ತಿ ಒತ್ತಬೇಕು. ಹೀಗೆಯೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ ಐದಾರು ಚಿತ್ರ ತೆಗೆದರೆ ಒಂದಾದರೂ ಸ್ಪಷ್ಟವಾಗಿ ಬರುತ್ತದೆ.

ಅಳತೆಪಟ್ಟಿಯ ವಿಧಾನ

ಹುಳುವನ್ನು ಎಲೆಯ ಸಮೇತ ಕಿತ್ತು ತರಬಹುದಾದರೆ ಇದು ಇನ್ನೂ ಸುಲಭ. ಹುಳುವಿನ ಬೆನ್ನಿನ ಮಟ್ಟಕ್ಕೆ ಬರುವಂತೆ ಪಕ್ಕದಲ್ಲಿ ಅಳತೆಪಟ್ಟಿ ಇಡಬೇಕು. ಪಟ್ಟಿಯ ಗೀಟುಗಳ ಮೇಲೆ ಫೋಕಸ್ ನಿಲ್ಲಿಸಿ, ಗುಂಡಿಯನ್ನು ಬಿಡದೆ, ಹುಳು ನಡುವೆ ಬರುವಂತೆ ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸಬೇಕು. ಹುಳುವಿನ ಉದ್ದವೂ ಚಿತ್ರದಲ್ಲೇ ತಿಳಿಯುತ್ತದೆ.

ಭೂತಗನ್ನಡಿಯ ವಿಧಾನ

ಹೂವಿನ ಚಿಹ್ನೆ ಇಲ್ಲದ ಕ್ಯಾಮೆರಾದಲ್ಲಿ, ಮಸೂರದ ಮುಂದೆ ಭೂತಗನ್ನಡಿಯನ್ನು ತಾಗಿಸದಂತೆ ಹಿಡಿದು ದೂರದ ದೃಶ್ಯಕ್ಕೆ ಇರುವ ಬೆಟ್ಟದ ಚಿಹ್ನೆಯನ್ನು ಆರಿಸಬೇಕು. ಆಗ ವಸ್ತು ಸ್ಪಷ್ಟವಾಗುವುದು ಭೂತಗನ್ನಡಿಯ ನಾಭಿದೂರದಲ್ಲಿ. ಕಿಟಕಿಯಾಚೆಯ ದೂರದ ಮರದ ಬಿಂಬವನ್ನು ಎದುರು ಗೋಡೆಯ ಮೇಲೆ ಮೂಡಿಸಿ, ಗನ್ನಡಿಯಿಂದ ಗೋಡೆಗಿರುವ ಅಂತರವನ್ನು ಅಳೆದರೆ ಈ ದೂರ ಸಿಗುತ್ತದೆ. ಅಂಚಿನಲ್ಲಿ ಕಪ್ಪು ವೃತ್ತ ಕಂಡರೆ ಸ್ವಲ್ಪ ಜೂಮ್ ಮಾಡಬೇಕು. ಸೂರ್ಯನ ಕಡೆಗೆ ಎಂದೂ ಹಿಡಿಯಬಾರದು.

ಗಮನಿಸಬೇಕಾದ ಅಂಶಗಳು

ಗಾಳಿ ಕಡಿಮೆ ಇರುವ ಬೆಳಗಿನ ಹೊತ್ತು ಉತ್ತಮ. ಎಲೆ ಅಲುಗಾಡದಂತೆ ಕೋಲಿಗೆ ಕಟ್ಟಬೇಕು. ಕ್ಯಾಮೆರಾದ ನೆರಳು ಹುಳುವಿನ ಮೇಲೆ ಬೀಳದಂತೆ ಬೆಳಕು ಪಕ್ಕದಿಂದ ಬರಬೇಕು. ನೆರಳಿನ ಭಾಗಕ್ಕೆ ಬಿಳಿ ಕಾಗದ ಹಿಡಿದರೆ ಬೆಳಕು ಸಮನಾಗುತ್ತದೆ. ಬೆನ್ನಿನ ಗುರುತು ಬೇಕಾದಾಗ ಕ್ಯಾಮೆರಾ ಬೆನ್ನಿಗೆ ನೇರವಾಗಿರಬೇಕು. ಓರೆಯಾದರೆ ತಲೆ ಸ್ಪಷ್ಟವಾಗಿ, ಬಾಲ ಮಸುಕಾಗುತ್ತದೆ.

ಹುಳುವಿನ ಚಿತ್ರದೊಡನೆ ಇಡೀ ಗಿಡ, ಹಾನಿಯಾದ ಎಲೆ ಮತ್ತು ಸುಳಿಯಲ್ಲಿರುವ ಹಿಕ್ಕೆಯ ಚಿತ್ರಗಳನ್ನೂ, ಬೆಳೆಯ ವಯಸ್ಸನ್ನೂ ಕಳುಹಿಸಬೇಕು. ತೀರ ಎಳೆಯ ಮರಿಹುಳುಗಳಲ್ಲಿ ಮೇಲೆ ಹೇಳಿದ ಗುರುತುಗಳು ಸ್ಪಷ್ಟವಾಗಿರುವುದಿಲ್ಲ. ಅಂತಹ ಸಂದರ್ಭದಲ್ಲಿ ಹುಳುವನ್ನೇ ಎಲೆಯ ಸಮೇತ ಸಣ್ಣ ರಂಧ್ರಗಳಿರುವ ಡಬ್ಬಿಯಲ್ಲಿ ಹಾಕಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ರೈತ ಸಂಪರ್ಕ ಕೇಂದ್ರಕ್ಕಾಗಲಿ ಒಯ್ಯುವುದು ಮೇಲು. ಕೀಟ ಯಾವುದೆಂದು ಖಚಿತವಾದ ನಂತರವೇ ಔಷಧಿ ಕೊಳ್ಳುವುದು ರೈತರಿಗೆ ಎಲ್ಲ ರೀತಿಯಿಂದಲೂ ಲಾಭದಾಯಕ.