ಶಿಶುವಿನ ಅರಿವೆಗೆ ಡಾಂಬರು ಗುಳಿಗೆ ಬೇಡ

ಪೆಟ್ಟಿಗೆಯಲ್ಲಿಟ್ಟ ಹಳೆಯ ಕೌದಿ, ಕುಲಾಯಿಗಳನ್ನು ತೆಗೆದು ಹಸುಳೆಗೆ ಬಳಸುವುದು ನಮ್ಮಲ್ಲಿ ರೂಢಿ. ನುಸಿ ಹತ್ತದಿರಲೆಂದು ಅವುಗಳ ನಡುವೆ ಇಟ್ಟ ಡಾಂಬರು ಗುಳಿಗೆಯ ವಿಷಯದಲ್ಲಿ ನಾವು ಎಚ್ಚರ ವಹಿಸಬೇಕು.

ಈ ಗುಳಿಗೆಯಲ್ಲಿ ಸಾಮಾನ್ಯವಾಗಿ ಇರುವುದು ನ್ಯಾಫ್ತಲೀನ್. ಅದು ಆವಿಯಾಗಿ ಬಟ್ಟೆಯ ಎಳೆಗಳಲ್ಲಿ ನೆಲೆಸುತ್ತದೆ. ಉಸಿರಿನಿಂದಲೂ ಚರ್ಮದಿಂದಲೂ ದೇಹವನ್ನು ಸೇರುತ್ತದೆ. ಎಣ್ಣೆಯಲ್ಲಿ ಕರಗುವ ವಸ್ತುವಾದ್ದರಿಂದ ಎಣ್ಣೆ ಸವರಿದ ಮೈಗೆ ಇನ್ನೂ ಬೇಗ ಇಳಿಯುತ್ತದೆ. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆಯುಳ್ಳ ಶಿಶುಗಳಲ್ಲಿ ಇದು ರಕ್ತದ ಕೆಂಪುಕಣಗಳನ್ನು ಒಡೆಯುತ್ತದೆ. ಅದರಿಂದ ತೀವ್ರಗೊಂಡ ಕಾಮಾಲೆ ಮಿದುಳಿಗೂ ಹಾನಿ ಮಾಡಬಲ್ಲದು. ಈ ಕೊರತೆ ಹೊರನೋಟಕ್ಕೆ ತಿಳಿಯದು; ಆದ್ದರಿಂದ ಎಲ್ಲ ಶಿಶುಗಳಿಗೂ ಒಂದೇ ನಿಯಮ.

ಶಿಶುವಿನ ಹಾಸಿಗೆ, ವಸ್ತ್ರಗಳನ್ನು ಚೆನ್ನಾಗಿ ತೊಳೆದು, ಧೂಪ ಕೊಟ್ಟು, ಒಣಗಿಸಿ ಬಳಸಬೇಕೆಂದು ಚರಕಸಂಹಿತೆಯ ಶಾರೀರಸ್ಥಾನ ವಿಧಿಸಿದೆ. ಧೂಪವನ್ನು ಕೂಸಿನಿಂದ ದೂರದಲ್ಲಿ ಕೊಡಬೇಕು. ಪೆಟ್ಟಿಗೆಯಲ್ಲಿ ಗುಳಿಗೆಯ ಬದಲು ಒಣಗಿದ ಬೇವಿನೆಲೆ, ಬಜೆಯ ತುಂಡುಗಳ ಗಂಟನ್ನು ಇಡೋಣ. ಗುಳಿಗೆಯ ವಾಸನೆ ಹಿಡಿದ ಅರಿವೆಯನ್ನು ಒಗೆದು, ವಾಸನೆ ಪೂರ್ಣವಾಗಿ ಹೋಗುವವರೆಗೆ ಬಿಸಿಲಿಗೆ ಹಾಕೋಣ. ಹೋಗದಿದ್ದರೆ ಕೂಸಿಗೆ ಬಳಸುವುದೇ ಬೇಡ.

ಕೂಸಿನ ಕಣ್ಣು, ಮೈ ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ ಅಥವಾ ಕೂಸು ಹಾಲು ಕುಡಿಯದಿದ್ದರೆ, ಮನೆಮದ್ದಿನಲ್ಲಿ ಕಾಲ ಕಳೆಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು; ಗುಳಿಗೆಯ ಸಂಗತಿಯನ್ನೂ ವೈದ್ಯರಿಗೆ ತಿಳಿಸಬೇಕು.