ಚಳಿಗಾಲದಲ್ಲಿ ಕುದುರೆಗೆ ಹುರುಳಿ, ಬೂಸಾ, ಬೆಲ್ಲ: ಮಾಡಬೇಕಾದ್ದು, ಮಾಡಬಾರದ್ದು

ಮೈಸೂರಿನ ಟಾಂಗಾ ಕುದುರೆ ಸಾಕುವವರಿಗೂ, ಸಂಕ್ರಾಂತಿಗೆಂದು ಅವಕ್ಕೆ ಎಳ್ಳು-ಬೆಲ್ಲ ತಿನ್ನಿಸಲು ಬರುವವರಿಗೂ ಈ ಸೂಚನೆ. ರೂಢಿ ಬಿಡಿ ಎನ್ನುತ್ತಿಲ್ಲ, ಕ್ರಮ ತಪ್ಪಬೇಡಿ. ಕುದುರೆಗೆ ವಾಂತಿ ಮಾಡಲು ಬಾರದು. ಒಗ್ಗದ್ದು ಒಳಗೆ ಹೋದರೆ ಹೊಟ್ಟೆಶೂಲೆ ಬಂದು ಪ್ರಾಣವೇ ಹೋಗಬಹುದು.

ಮಾಡಬೇಕಾದ್ದು

ಮೊದಲು ಒಣಹುಲ್ಲು, ಆಮೇಲೆ ಉಳಿದದ್ದು. ಹುಲ್ಲಿನ ನಾರು ದೊಡ್ಡಕರುಳಿನಲ್ಲಿ ಹುದುಗುವಾಗ ಹುಟ್ಟುವ ಕಾವೇ ಕುದುರೆಯ ಮೈ ಬೆಚ್ಚಗಿಡುತ್ತದೆ. ಕಾಳಿನಿಂದ ಅಷ್ಟು ಕಾವು ಬಾರದು. 300 ಕೆಜಿ ತೂಕದ ಕುದುರೆಗೆ ದಿನಕ್ಕೆ 5-6 ಕೆಜಿ ಒಣಮೇವು ಬೇಕು. ಚಳಿ ಜೋರಿದ್ದ ರಾತ್ರಿ ಇನ್ನಷ್ಟು ಹಾಕಿ.

ಹುರುಳಿಯನ್ನು ರಾತ್ರಿಯೇ ನೆನೆಹಾಕಿ, ಹೆಬ್ಬೆರಳು-ತೋರುಬೆರಳ ನಡುವೆ ಒತ್ತಿದರೆ ನುಣ್ಣಗಾಗುವಷ್ಟು ಬೇಯಿಸಿ. ಹಸಿ ಹುರುಳಿಯಲ್ಲಿ ಜೀರ್ಣಕ್ಕೆ ಅಡ್ಡಬರುವ ಅಂಶವಿದೆ, ಬೆಂದರೆ ಅದು ಅಡಗುತ್ತದೆ. ಚಿಟಿಕೆ ಉಪ್ಪು ಹಾಕಿ, ಉಗುರುಬೆಚ್ಚಗಾದ ಮೇಲೆ ಕೊಡಿ. ಹುರುಳಿ, ಬೂಸಾ ಎಲ್ಲ ಸೇರಿ ಒಂದು ಹೊತ್ತಿಗೆ ಒಂದೂವರೆ ಕೆಜಿ ದಾಟದಿರಲಿ.

ನೀರಿನ ಕಡೆ ಕಣ್ಣಿಡಿ. ಚಳಿಯಲ್ಲಿ ಕುದುರೆ ನೀರು ಕಡಿಮೆ ಕುಡಿಯುತ್ತದೆ, ಲದ್ದಿ ಗಟ್ಟಿಯಾಗಿ ಕರುಳಲ್ಲೇ ಕಟ್ಟಿಕೊಳ್ಳುತ್ತದೆ. ತಣ್ಣೀರಿಗೆ ಬಾಯಿಡದಿದ್ದರೆ ಬೆಚ್ಚಗೆ ಮಾಡಿ ಇಡಿ.

ಕ್ಯಾರೆಟ್ಟನ್ನು ಉದ್ದಕ್ಕೆ ಸೀಳಿ ಕೊಡಿ. ದುಂಡಗೆ ಹೆಚ್ಚಿದ ಬಿಲ್ಲೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಮಾಡಬಾರದ್ದು

ಟಾಂಗಾ ಕಟ್ಟದ ದಿನ ಪೂರ್ತಿ ಕಾಳು ಹಾಕಬೇಡಿ, ಅರ್ಧಕ್ಕಿಳಿಸಿ. ಸುಮ್ಮನೆ ನಿಂತು ತಿಂದ ಕುದುರೆಯನ್ನು ಮರುದಿನ ಬೆಳಿಗ್ಗೆ ಹೂಡಿದರೆ ಹಿಂಗಾಲಿನ ಸ್ನಾಯು ಬಿಗಿದು ನಿಂತಲ್ಲೇ ನಡುಗುತ್ತದೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ.

ಬೂಸಾವೇ ಮೇವು ಎಂದುಕೊಳ್ಳಬೇಡಿ. ಅದರಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಕಡಿಮೆ. ತಿಂಗಳುಗಟ್ಟಲೆ ಅದನ್ನೇ ತಿಂದರೆ ಮೂಳೆ ಸವೆದು ಮುಖ ಊದಿಕೊಳ್ಳುತ್ತದೆ. ಇದ್ದಕ್ಕಿದ್ದಂತೆ ವಾರಕ್ಕೊಮ್ಮೆ ಬಕೆಟ್ಟುಗಟ್ಟಲೆ ಬೂಸಾಗಂಜಿ ಕೊಡುವ ಹಳೆಯ ಲಾಯದ ಪದ್ಧತಿಯೂ ಬೇಡ. ಯಾವ ಮೇವನ್ನೂ ಒಂದೇ ದಿನದಲ್ಲಿ ಬದಲಿಸಬೇಡಿ.

ಬೆಲ್ಲ ನೆಲ್ಲಿಕಾಯಿ ಗಾತ್ರಕ್ಕಿಂತ ಹೆಚ್ಚು ಬೇಡ. ಗೊರಸಿನ ಬಾವು ಬಂದ ಕುದುರೆಗಂತೂ ಬೆಲ್ಲ, ಕಬ್ಬು ಎರಡನ್ನೂ ಮುಟ್ಟಿಸಬೇಡಿ. ಬೂಷ್ಟು ಹಿಡಿದ ಕಡಲೆಕಾಯಿ, ಹಳಸಿದ ಹುರುಳಿ, ಬೆಣ್ಣೆಹಣ್ಣು, ಎಲೆಕೋಸು ಬೇಡವೇ ಬೇಡ. ಹಬ್ಬಕ್ಕೆ ಬಂದವರು ಮಾಲೀಕರನ್ನು ಕೇಳದೆ ಏನನ್ನೂ ಕೊಡಬೇಡಿ. ನೀವು ಹತ್ತನೆಯವರಾಗಿರಬಹುದು.

ಕುದುರೆ ನೆಲ ಕೆರೆದು, ಮತ್ತೆ ಮತ್ತೆ ಪಕ್ಕೆ ತಿರುಗಿ ನೋಡಿಕೊಂಡು ಹೊರಳಾಡಿದರೆ ಮೇವು ತೆಗೆದು ತಕ್ಷಣ ಪಶುವೈದ್ಯರನ್ನು ಕರೆಸಿ. ಬಾಟಲಿಯಲ್ಲಿ ಎಣ್ಣೆ, ಕಷಾಯ ಹುಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ.