‘ಗ್ರಾಹಕ’ ಯಾರು? – ವೈದ್ಯಕೀಯ ಅನುವಾದದ ಒಂದು ಪಾಠ

ಕನ್ನಡಕ್ಕೆ ವೈದ್ಯಸಾಹಿತ್ಯ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವನ್ನೂ ಹದಿನಾಲ್ಕನೆಯ ಶತಮಾನದಲ್ಲಿ ಒಂದನೆಯ ಮಂಗರಾಜನು ‘ಖಗೇಂದ್ರಮಣಿದರ್ಪಣ’ವನ್ನೂ ರಚಿಸಿದರು. ಶಾಸ್ತ್ರವನ್ನು ನಾಡನುಡಿಗೆ ತರುವ ಆ ಹೊಣೆ ಇಂದು ನಮ್ಮದು. ಔಷಧದ ಪೆಟ್ಟಿಗೆಯೊಳಗಿನ ಇಂಗ್ಲಿಷ್ ಮಾಹಿತಿಪತ್ರವನ್ನು ಗೂಡಲೂರು, ಮಸಿನಗುಡಿಗಳ ಕನ್ನಡ ಮನೆಗಳಲ್ಲಿ ಹಿರಿಯರಿಗೆ ಓದಿ ಹೇಳಬೇಕಾದವರು ಕಾಲೇಜು ಕಲಿತ ಮಕ್ಕಳೇ. ಅಂತಹ ಒಂದು ಔಷಧವನ್ನು ಇಲ್ಲಿ ನಿದರ್ಶನವಾಗಿ ನೋಡೋಣ.

ಪ್ರಾಸ್ಟೇಟ್ ಎಂಬುದು ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ. ಅದರ ಕ್ಯಾನ್ಸರಿಗೆ ಟೆಸ್ಟೋಸ್ಟೆರೋನ್ ಮೊದಲಾದ ಪುರುಷ ಹಾರ್ಮೋನುಗಳು ಪೋಷಕ. ಅವುಗಳನ್ನು ತಗ್ಗಿಸಿದರೆ ರೋಗ ಕುಗ್ಗುವುದೆಂದು 1941ರಲ್ಲಿ ತೋರಿಸಿದ ಚಾರ್ಲ್ಸ್ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಕಾಲಕ್ರಮದಲ್ಲಿ ಅನೇಕರಲ್ಲಿ ರೋಗವು ಅಳಿದುಳಿದ ಹಾರ್ಮೋನಿನಿಂದಲೇ ಮತ್ತೆ ಬೆಳೆಯುತ್ತದೆ. ಹಾರ್ಮೋನು ಕೀಲಿಕೈ ಎನ್ನುವುದಾದರೆ, ಜೀವಕೋಶದೊಳಗೆ ಅದು ಕೂಡುವ ಪ್ರೋಟೀನೇ ಬೀಗ. 2012ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಎನ್ಜಲುಟಮೈಡ್ ಆ ಬೀಗದ ಕಿಂಡಿಯಲ್ಲಿ ತಾನೇ ಕುಳಿತು ಕೀಲಿಗೆ ಎಡೆಯಿಲ್ಲದಂತೆ ಮಾಡುತ್ತದೆ. ಆ ಪ್ರೋಟೀನು ಕೋಶಕೇಂದ್ರವನ್ನು ಸೇರದಂತೆಯೂ ಡಿಎನ್‌ಎಗೆ ಅಂಟದಂತೆಯೂ ತಡೆಯುತ್ತದೆ.

ಇನ್ನು ಅನುವಾದದ ತೊಡಕುಗಳು. ಮೊದಲನೆಯದು ‘ರಿಸೆಪ್ಟರ್’. ವಿಜ್ಞಾನದ ಕನ್ನಡದಲ್ಲಿ ಇದಕ್ಕೆ ‘ಗ್ರಾಹಕ’ ಎಂಬ ಪದವಿದೆ. ವ್ಯುತ್ಪತ್ತಿಯ ದೃಷ್ಟಿಯಿಂದ ಅದು ಸರಿಯೇ, ಗ್ರಹಿಸುವುದು ಗ್ರಾಹಕ. ಆದರೆ ಓದುಗನಿಗೆ ಗ್ರಾಹಕನೆಂದರೆ ಅಂಗಡಿಗೆ ಬಂದವನು. ಎರಡೂ ನುಡಿಗಳಲ್ಲಿ ಓದಿದ ನನಗೆ ಮರಾಠಿಯಲ್ಲೂ ಇದೇ ಪದ ಇದೇ ಅರ್ಥದಲ್ಲಿ ಪರಿಚಿತ. ನಮ್ಮ ಪೇಟೆಯ ‘ಗಿರಾಕಿ’ಯೂ ಅದೇ ಮೂಲದ್ದು. ‘ಗ್ರಾಹಕನನ್ನು ತಡೆಯುವ ಔಷಧ’ ಎಂದರೆ ನಗೆಪಾಟಲಾದೀತು. ಪಠ್ಯಪುಸ್ತಕದಲ್ಲಿ ‘ಗ್ರಾಹಕ’ ಇರಲಿ. ರೋಗಿಗೆ ಹೇಳುವಾಗ ‘ಹಾರ್ಮೋನು ಕೂಡುವ ತಾಣ’ ಎನ್ನುವುದು ಮೇಲು.

ಎರಡನೆಯದು ‘ಅಡ್ವಾನ್ಸ್ಡ್’. ‘ಮುಂದುವರಿದ’ ಎಂಬ ವಿಶೇಷಣ ನಮ್ಮಲ್ಲಿ ಏಳಿಗೆಯನ್ನು ಸೂಚಿಸುತ್ತದೆ: ಮುಂದುವರಿದ ದೇಶ, ಮುಂದುವರಿದ ಸಮಾಜ. ರೋಗವು ಗ್ರಂಥಿಯನ್ನು ದಾಟಿ ಮೂಳೆಗಳಿಗೆ ತಲುಪಿದ್ದರೆ ‘ಮೂಳೆಗಳಿಗೆ ಹರಡಿದ’ ಎಂದೇ ಹೇಳಬೇಕು.

ಮೂರನೆಯದು ಕ್ರಿಯಾಪದ, ಇದೇ ಎಲ್ಲಕ್ಕಿಂತ ಗುರುತರ. ಹರಡಿದ ರೋಗವನ್ನು ಈ ಔಷಧ ‘ಗುಣಪಡಿಸುತ್ತದೆ’ ಎಂದು ಬರೆದರೆ ಸುಳ್ಳಾಗುತ್ತದೆ. ಅದು ರೋಗದ ಓಟವನ್ನು ತಡೆಹಿಡಿದು ಆಯುಷ್ಯವನ್ನು ಹೆಚ್ಚಿಸಬಲ್ಲುದು, ಅಷ್ಟೆ. ‘ಏನೂ ಫಲವಿಲ್ಲ’ ಎಂಬ ಧ್ವನಿ ಬಂದರೂ ಅಪಚಾರವೇ. ‘ಹತೋಟಿಯಲ್ಲಿಡುತ್ತದೆ’ ಎಂಬ ಮಾತಿನಲ್ಲಿ ಸತ್ಯವೂ ಇದೆ, ಧೈರ್ಯವೂ ಇದೆ.

ಎಚ್ಚರಿಕೆಯ ವಾಕ್ಯಗಳನ್ನು ಬಿಡಲಾಗದು. ಆಯಾಸ, ರಕ್ತದ ಒತ್ತಡದ ಏರಿಕೆ, ಬೀಳುವಿಕೆ, ಮೂಳೆಮುರಿತ, ಅಪರೂಪಕ್ಕೆ ಸೆಳವು ಇದರ ಅಡ್ಡಪರಿಣಾಮಗಳು. ‘ಬೀಳುವ ಸಂಭವವಿದೆ’ ಎಂಬ ಒಣವಾಕ್ಯಕ್ಕಿಂತ ‘ಇಳಿಜಾರಿನಲ್ಲಿ, ಮೆಟ್ಟಿಲಲ್ಲಿ ಆಸರೆ ಹಿಡಿದು ನಡೆಯಿರಿ’ ಎಂಬುದು ನೀಲಗಿರಿಯ ಹಿರಿಯರಿಗೆ ತಟ್ಟನೆ ತಿಳಿಯುತ್ತದೆ. ವೈದ್ಯರನ್ನು ಕೇಳದೆ ಔಷಧವನ್ನು ನಿಲ್ಲಿಸಬಾರದೆಂಬುದನ್ನೂ ಸ್ಪಷ್ಟವಾಗಿ ಹೇಳಬೇಕು.

ಅಭ್ಯಾಸ: ಮೇಲಿನ ವಿವರಣೆಯನ್ನು ನಿಮ್ಮ ಮನೆಯ ಅಜ್ಜನಿಗೆ ಹೇಳುವಂತೆ ಹತ್ತು ವಾಕ್ಯಗಳಲ್ಲಿ ಬರೆಯಿರಿ. ಬಡಗ ಮನೆಮಾತಿನವರು ಅದನ್ನು ಬಡಗದಲ್ಲಿಯೂ ಹೇಳಿ ನೋಡಿ, ಯಾವ ಪದಗಳು ಬದಲಾದವೆಂದು ಗುರುತಿಸಿರಿ.